ಪ್ರತಿ ಅರ್ಥದ ಕೆಳಗೂ ಅವರ ಹೆಸರು

ಕೋಲಾರದಲ್ಲಿ ವೆಬ್‌ಸೈಟ್ ಮಾಡಿಕೊಡುವ ಒಂದು ಸಣ್ಣ ಆಫೀಸಿನಲ್ಲಿ ನನ್ನ ಕೆಲಸ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ನಾವು. ಮಾಲೀಕರನ್ನೂ ಸೇರಿಸಿ ನಾಲ್ಕು ಜನ. ಶಾಲೆಯವರು, ಕಲ್ಯಾಣ ಮಂಟಪದವರು, ನರಸಾಪುರದ ಕಂಪನಿಗಳಿಗೆ ಬಸ್ಸು ಓಡಿಸುವವರು, ಯಾರು ಬಂದು ಕೇಳಿದರೂ ಮಾಡಿಕೊಡುತ್ತೇವೆ. ಕೆಲವು ವರ್ಷದ ಹಿಂದೆ ಒಂದು ಟ್ರಸ್ಟಿನ ಮೇಡಂ ಬಂದು ಬೇರೆ ಥರದ ಕೆಲಸವೊಂದನ್ನು ಕೊಟ್ಟರು.

ಅವರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಓಡಾಡಿ ರೈತರ ಮಾತನ್ನು ರೆಕಾರ್ಡ್ ಮಾಡಿಸಿದ್ದರು. ರಾಗಿ ಬೆಳೆಯುವವರು, ತರಕಾರಿಯವರು, ಮಾವಿನ ತೋಟದವರು, ರೇಷ್ಮೆ ಹುಳ ಸಾಕುವವರು. ಅವರೆಲ್ಲ ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡಿಸಿಟ್ಟಿದ್ದರು. "ಇದನ್ನ ಊರಿನ ಮಕ್ಕಳು ಓದ್ಬೇಕು. ಯಾವ ಪದ ಗೊತ್ತಾಗ್ಲಿಲ್ವೋ ಅದರ ಮೇಲೆ ಬೆರಳಿಟ್ರೆ ಅಲ್ಲೇ ಅರ್ಥ ಬರ್ಬೇಕು, ಆಗತ್ತಾ?" ಅಂದರು. ಮಾಲೀಕರು ನನ್ನ ಕಡೆ ನೋಡಿದರು. ಆಗತ್ತೆ ಅಂದೆ.

ಅರ್ಥ ಬರೆದುಕೊಡುವವರನ್ನು ಮೇಡಂ ಮುಂದಿನ ವಾರ ಕರೆದುಕೊಂಡು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರನ್ನು ಬೆನ್ನಿನಿಂದಲೇ ಗುರುತು ಹಿಡಿದೆ. ಶ್ರೀನಿವಾಸಪುರದಲ್ಲಿ ಪಿಯುಸಿಗೆ ನನಗೆ ಕನ್ನಡ ಹೇಳಿಕೊಟ್ಟ ಮೇಷ್ಟ್ರು. ರಿಟೈರ್ ಆಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಯಾವೂರಮ್ಮ ನಿಂದು?" ಅಂತ ಕೇಳಿದರು.

"ಗೌನಿಪಲ್ಲಿ ಕಡೆ, ಸಾರ್."

"ಹಾಗಾದ್ರೆ ಮನೇಲಿ ತೆಲುಗು," ಅಂದು ನಕ್ಕರು. ನನ್ನ ಗುರುತು ಅವರಿಗೆ ಸಿಗಲಿಲ್ಲ.

ಅವರು ನನಗೆ ಮಾಡಿದ್ದನ್ನು ಇಲ್ಲಿ ಹೇಳಲೇಬೇಕು. ಫಸ್ಟ್ ಪಿಯುಸಿ ಶುರುವಾಗಿ ಇನ್ನೂ ತಿಂಗಳಾಗಿರಲಿಲ್ಲ. ನಿಮ್ಮ ಮನೆಯ ಬೆಳಗಿನ ಬಗ್ಗೆ ಬರೆದು ತನ್ನಿ ಅಂದಿದ್ದರು. ನಾನು ಎದ್ದು ಓದಿದೆ. "ಅಮ್ಮ ಮೊಬ್ಬಲ್ಲೇ ಏಳುತ್ತಾಳೆ" ಅನ್ನುವುದು ನನ್ನ ಮೊದಲ ವಾಕ್ಯ. ಅಲ್ಲಿಂದ ಮುಂದಕ್ಕೆ ಓದಲು ಬಿಡಲಿಲ್ಲ. ಮೊಬ್ಬು ಅನ್ನುವುದು ತೆಲುಗು, ಅದನ್ನು ಗಡಿ ದಾಟಿ ಹೋಗಿ ಹೇಳು ಅಂದರು. ಬೋರ್ಡಿನ ಮೇಲೆ ಮೊಬ್ಬು ಅಂತ ಬರೆದು, ಅದರ ಮೇಲೊಂದು ಗೀಟು ಎಳೆದು, ಪೀರಿಯಡ್ ಮುಗಿಯುವವರೆಗೂ ನನ್ನನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರು. ಎರಡು ವರ್ಷ ಕ್ಲಾಸಿನಲ್ಲಿ ನನ್ನ ಹೆಸರು ಮೊಬ್ಬು ಅಂತಲೇ ಆಯಿತು. ಲೈಬ್ರರಿಯ ದಪ್ಪ ನಿಘಂಟು ತೆಗೆದು ನೋಡಿದ್ದೆ. ಕತ್ತಲೆ, ಮಸುಕು ಅಂತ ಆ ಪದ ಅಲ್ಲೇ ಇತ್ತು. ತಗೊಂಡು ಹೋಗಿ ತೋರಿಸುವ ಧೈರ್ಯ ಮಾತ್ರ ಇರಲಿಲ್ಲ.

ಅಷ್ಟೇ ಆಗಿದ್ದರೆ ಬಹುಶಃ ಮರೆಯುತ್ತಿದ್ದೆ. ಆ ತಿಂಗಳ ಕೊನೆಗೆ ಅಮ್ಮ ಕಾಲೇಜಿಗೆ ಬಂದಳು. ಯಾರೂ ಕರೆದಿರಲಿಲ್ಲ, ಮಗಳಿಗೆ ಪಾಠ ಹೇಳುವವರನ್ನು ನೋಡಬೇಕು ಅನ್ನಿಸಿ ಅವಳೇ ಬಂದಿದ್ದಳು. ಕೈಯಲ್ಲೊಂದು ಚೀಲ, ಅದರ ತುಂಬ ಬಾದಾಮಿ ಮಾವಿನ ಹಣ್ಣು. ಮೇಷ್ಟ್ರುಗಳು ಕೂರುವ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ಮಾ ಪಾಪ ಬಾಗಾ ಓದ್ತಾಳಾ?" ಅಂತ, ಮಗಳು ಚೆನ್ನಾಗಿ ಓದುತ್ತಾಳಾ ಅನ್ನುವುದನ್ನು ಅರ್ಧ ತೆಲುಗಿನಲ್ಲಿ ಕೇಳಿದಳು. ಕನ್ನಡ ಮೇಷ್ಟ್ರು ಕುರ್ಚಿಯಲ್ಲಿ ಹಿಂದಕ್ಕೊರಗಿ, ಅವಳ ರಾಗದಲ್ಲೇ, "ಬಾಗಾ ಓದ್ತಾಳಮ್ಮಾ, ಬಾಗಾ ಬಾಗಾ ಓದ್ತಾಳು" ಅಂದರು. ರೂಮಿನಲ್ಲಿದ್ದವರೆಲ್ಲ ನಕ್ಕರು. ಅಮ್ಮನೂ ಸೆರಗು ಬಾಯಿಗಿಟ್ಟುಕೊಂಡು ಅವರ ಜೊತೆ ನಕ್ಕಳು. ಯಾಕೆ ನಗುತ್ತಿದ್ದಾರೆ ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಯಾವತ್ತೂ ಕೇಳಲಿಲ್ಲ. ಅದಾದ ಮೇಲೆ ನನ್ನ ಯಾವ ಕಾಲೇಜಿಗೂ ಅವಳು ಬರಲಿಲ್ಲ.

ನನಗೆ ಬಿ.ಎ. ಮಾಡಿ ಕನ್ನಡ ಓದಬೇಕು ಅಂತಿತ್ತು. ಕಂಪ್ಯೂಟರ್ ಕೋರ್ಸ್ ತಗೊಂಡೆ. ಅಲ್ಲಿ ಯಾರೂ ನನ್ನ ರಾಗ ಕೇಳುವುದಿಲ್ಲ ಅನ್ನುವುದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಮೇಷ್ಟ್ರು ಮನೆಯಲ್ಲೇ ಕೂತು ಅರ್ಥ ಬರೆದು, ಉದ್ದನೆ ಹಾಳೆಗಳ ಕಟ್ಟು ಮಾಡಿ ಕಳಿಸುತ್ತಿದ್ದರು. ನಾನು ಇತ್ತ ಪದಗಳನ್ನು ಬಿಡಿಸುವ ಕೆಲಸ ಹಿಡಿದೆ. ಪರದೆಯ ಮೇಲಿನ ಒಂದು ಪ್ಯಾರಾ ಅಂದರೆ ಕಂಪ್ಯೂಟರಿಗೆ ಒಂದೇ ಒಂದು ಉಂಡೆ. ಅದನ್ನು ಖಾಲಿ ಜಾಗ ಇರುವಲ್ಲೆಲ್ಲ ಕತ್ತರಿಸಿ, ಒಂದೊಂದು ಪದಕ್ಕೂ ಕಣ್ಣಿಗೆ ಕಾಣದ ಒಂದು ಚೀಲ ತೊಡಿಸಬೇಕು. ಆಮೇಲೆ ಬೆರಳು ಯಾವ ಚೀಲದ ಮೇಲೆ ಬಿತ್ತು ಅಂತ ನೋಡಿ ಅದರ ಅರ್ಥ ತಂದು ತೋರಿಸಬೇಕು. ಮೊದಲು ಪ್ರತಿ ಪದಕ್ಕೂ ಒಬ್ಬೊಬ್ಬ ಕಾವಲುಗಾರನನ್ನು ಕೂರಿಸಿದ ಹಾಗೆ ಮಾಡಿದೆ, ಫೋನಿನಲ್ಲಿ ಪುಟ ಮುಂದಕ್ಕೇ ಹೋಗಲಿಲ್ಲ. ಅದನ್ನೆಲ್ಲ ಕಿತ್ತುಹಾಕಿ ಇಡೀ ಪ್ಯಾರಾಗೆ ಒಬ್ಬನೇ ಕಾವಲುಗಾರ ಸಾಕು ಅಂತ ಮಾಡಿದ ಮೇಲೆ ಹಗುರಾಯಿತು. ಕಷ್ಟ ಇದ್ದದ್ದು ಕನ್ನಡದ ಬಾಲಗಳಲ್ಲಿ. 'ಚಂದ್ರಿಕೆಗೆ' ಅಂತ ಮುಟ್ಟಿದರೆ 'ಚಂದ್ರಿಕೆ' ಸಿಗಬೇಕು, 'ಮೊಬ್ಬಲ್ಲೇ' ಅಂತ ಮುಟ್ಟಿದರೆ 'ಮೊಬ್ಬು' ಸಿಗಬೇಕು, 'ಬಿಡ್ತೀವಿ' ಅಂದರೆ 'ಬಿಡು'. ಅದಕ್ಕೆ ಅಡ್ಡದಾರಿ ಇಲ್ಲ. ಒಂದೊಂದು ರೂಪವನ್ನೂ ಕೈಯಾರೆ ಬರೆದು ಅದರ ಮೂಲ ಪದಕ್ಕೆ ಗಂಟು ಹಾಕಿದೆ. ಆ ರೈತರ ಮಾತೆಲ್ಲ ನಮ್ಮ ಕಡೆಯ ಮಾತೇ ಆಗಿದ್ದರಿಂದ ಬೇಗ ಬೇಗ ಆಯಿತು.

ಎರಡನೇ ಕಟ್ಟಿನಲ್ಲಿ ವೇಮಗಲ್ ಹತ್ತಿರದ ಒಬ್ಬ ಅಜ್ಜಿಯ ಮಾತಿತ್ತು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕಿದವರು. "ಮೊಬ್ಬಲ್ಲೇ ಎದ್ದು ಸೊಪ್ಪು ಕುಯ್ಕೊಂಡ್ ಬರ್ತಿದ್ವಿ. ನಾಕು ಜ್ವರ ಆದ್ಮೇಲೆ ಹುಳ ಹಣ್ಣಾಗ್ತದೆ, ಆಗ ಚಂದ್ರಿಕೆಗೆ ಬಿಡ್ತೀವಿ." ನನ್ನ ಹಾಗೆ ಹುಳ ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳ ಸೊಪ್ಪು ತಿನ್ನುವುದು ನಿಲ್ಲಿಸಿ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಗೂಡು ಕಟ್ಟಲು ತಯಾರಾದ ಹುಳ ಹಣ್ಣಾದ ಹುಳ. ಅದನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಚಂದ್ರಿಕೆ.

ಮೇಷ್ಟ್ರು ಬರೆದಿದ್ದರು: ಜ್ವರ, ಮೈ ಬಿಸಿಯಾಗುವ ಕಾಯಿಲೆ. ಹಣ್ಣು, ಫಲ. ಚಂದ್ರಿಕೆ, ಬೆಳದಿಂಗಳು. ಮೊಬ್ಬು, ತೆಲುಗು ಪದ, ಮೋಡ, ಕನ್ನಡದಲ್ಲಿ ಅಶುದ್ಧ.

ಹಾಳೆಯನ್ನು ಎರಡು ಸಲ ಓದಿದೆ. ಅಜ್ಜಿ ಮೋಡದೊಳಗೆ ಎದ್ದು, ನಾಲ್ಕು ಸಲ ಕಾಯಿಲೆ ಬಿದ್ದು ಫಲವಾದ ಹುಳವನ್ನು ಬೆಳದಿಂಗಳಿಗೆ ಬಿಡುತ್ತಿದ್ದರು. ಉಳಿದ ಹಾಳೆಗಳನ್ನೂ ಹುಡುಕಿ ಹುಡುಕಿ ಓದಿದೆ. ಗೊತ್ತಿಲ್ಲದ ಒಂದು ಪದವನ್ನೂ ಅವರು ಯಾರ ಹತ್ತಿರವೂ ಕೇಳಿರಲಿಲ್ಲ.

ಮಾಲೀಕರಿಗೆ ಹೇಳಿದೆ, ಅರ್ಥಗಳಲ್ಲಿ ಕೆಲವು ಸರಿ ಇಲ್ಲ ಅಂತ. ಒಂದೇ ಸಲ, ಮೆಲ್ಲಗೆ ಹೇಳಿದೆ. "ಅರ್ಥ ಅವರ ಕೆಲಸ, ಕ್ಲಿಕ್ ಮಾಡಿಸೋದು ನಮ್ಮ ಕೆಲಸ," ಅಂದರು. ಆ ಉತ್ತರ ಕೇಳಿ ನನಗೆ ಸಂತೋಷವಾಯಿತು. ಮೇಡಂಗೆ ಒಂದು ಫೋನ್ ಮಾಡಬಹುದಿತ್ತು, ನಂಬರ್ ನನ್ನ ಹತ್ತಿರವೇ ಇತ್ತು. ಮಾಡಲಿಲ್ಲ.

ಅದೇ ವಾರ ಮೇಷ್ಟ್ರಿಂದ ಒಂದು ಕಾಗದ ಬಂತು. ಸೈಟಿನ ಕೊನೆಯಲ್ಲೆಲ್ಲೋ ಹೆಸರು ಹಾಕಿದರೆ ಸಾಲದು, ಪ್ರತಿ ಅರ್ಥದ ಕೆಳಗೂ ತಮ್ಮ ಪೂರ್ತಿ ಹೆಸರು, ಪದವಿ ಸಮೇತ ಬರಬೇಕು ಅಂತ ಬರೆದಿದ್ದರು. ಹಾಗೇ ಮಾಡಿದೆ. ಅರ್ಥಕ್ಕಿಂತ ಒಂದು ಅಳತೆ ದೊಡ್ಡ ಅಕ್ಷರದಲ್ಲಿ ಹಾಕಿದೆ. ಆ ಕಾಗದವನ್ನೂ ಅವರ ಕೈಬರಹದ ಹಾಳೆಗಳನ್ನೂ ಸ್ಕ್ಯಾನ್ ಮಾಡಿ ನನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡೆ. ಮುಂದೆ ಬೇಕಾಗುತ್ತೆ ಅಂತ ಗೊತ್ತಿತ್ತು.

ಉದ್ಘಾಟನೆ ಕೋಲಾರದ ಒಂದು ಹಾಲ್‌ನಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ಮಾತು ಕೊಟ್ಟ ರೈತರನ್ನೆಲ್ಲ ನಾಲ್ಕು ತಾಲ್ಲೂಕಿನಿಂದಲೂ ಕರೆಸಿದ್ದರು. ಮೇಷ್ಟ್ರು ವೇದಿಕೆ ಮೇಲೆ ಶಾಲು ಹೊದ್ದು ಕೂತಿದ್ದರು. ನಾನು ಕೆಳಗೆ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಮೊದಲ ಪದ ಯಾರಾದರೂ ರೈತರೇ ಮುಟ್ಟಲಿ ಅಂತ ಮೇಡಂಗೆ ಆಸೆ. "ವೇಮಗಲ್ ಕಡೆಯ ಅಜ್ಜಿಯವರದ್ದನ್ನು ಹಾಕ್ತೀನಿ ಮೇಡಂ, ಚೆನ್ನಾಗಿದೆ," ಅಂತ ಸೂಚಿಸಿದವಳು ನಾನೇ.

ಅಜ್ಜಿ ಮೇಲೆ ಬಂದರು. ಹಸಿರು ಸೀರೆ, ಇಸ್ತ್ರಿ ಮಾಡಿಸಿದ್ದು. ವಯಸ್ಕರ ಶಿಕ್ಷಣದಲ್ಲಿ ಅಕ್ಷರ ಕಲಿತಿದ್ದರಂತೆ, ದೊಡ್ಡ ಪರದೆಯ ಮೇಲೆ ತಮ್ಮ ಮಾತನ್ನು ಕೂಡಿಸಿ ಕೂಡಿಸಿ ಓದಿದರು. ಟ್ಯಾಬ್ ಕೈಗೆ ಕೊಟ್ಟಾಗ ಬೆರಳನ್ನು ಸೆರಗಿಗೆ ಒರೆಸಿಕೊಂಡು 'ಚಂದ್ರಿಕೆಗೆ' ಮೇಲೆ ಇಟ್ಟರು. ಪೆಟ್ಟಿಗೆ ತೆರೆದುಕೊಂಡಿತು. ಮೇಡಂ ಮೈಕಿನಲ್ಲಿ ಓದಿದರು, "ಬೆಳದಿಂಗಳು." ಆಮೇಲೆ ಮೇಷ್ಟ್ರ ಪೂರ್ತಿ ಹೆಸರು, ಪದವಿ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕಂದರು. ಅಜ್ಜಿ 'ಜ್ವರ' ಮುಟ್ಟಿದರು. "ಮೈ ಬಿಸಿಯಾಗುವ ಕಾಯಿಲೆ," ಅಂತ ಓದಿ ಮೇಡಂ ಮತ್ತೆ ಹೆಸರು ಓದಿದರು. ಆಮೇಲೆ ಫಲ, ಮತ್ತೆ ಹೆಸರು. ಆ ಹೊತ್ತಿಗೆ ಹುಳ ಸಾಕುವವರ ಸಾಲು ಪೂರ್ತಿ ನಗುತ್ತಿತ್ತು. ವೇದಿಕೆ ಮೇಲೆ ಮೇಷ್ಟ್ರೂ ನಗುತ್ತಿದ್ದರು. ಏನೋ ಸಂತೋಷದ ನಗು ಅಂದುಕೊಂಡು ಎಲ್ಲರ ಜೊತೆ ನಕ್ಕರು. ಅವರ ಆ ಮುಖವನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಹೊಟ್ಟೆ ತಣ್ಣಗಾಯಿತು ಅಂತಾರಲ್ಲ, ಹಾಗಾಯಿತು.

ಅಜ್ಜಿ ಕೊನೆಗೆ 'ಮೊಬ್ಬಲ್ಲೇ' ಮುಟ್ಟಿದರು. ಮೇಡಂ "ತೆಲುಗು ಪದ, ಮೋಡ" ಅಂತ ಓದಿ ಅಲ್ಲೇ ನಿಂತರು. ಉಳಿದದ್ದನ್ನು ಅಜ್ಜಿಯೇ ಓದಿಕೊಂಡರು. ಅ, ಶು, ದ್ಧ. ಟ್ಯಾಬನ್ನು ಮೇಜಿನ ಮೇಲಿಟ್ಟು ಮೇಡಂ ಕಡೆ ತಿರುಗಿದರು.

"ನಾನು ತಪ್ಪು ಮಾತಾಡಿದೀನಾ ತಾಯಿ? ಮೊದ್ಲೇ ಹೇಳಿದ್ರೆ ಬೇರೆ ತರ ಹೇಳ್ತಿದ್ದೆ. ಅದಕ್ಕಾ ಎಲ್ರೂ ನಗ್ತಾ ಇರೋದು?"

ಮೈಕು ಹತ್ತಿರದಲ್ಲೇ ಇತ್ತು. ಎಲ್ಲರಿಗೂ ಕೇಳಿಸಿತು, ನಗು ನಿಂತಿತು. ನಾನು ಆಗಲೇ ಎದ್ದು ಹೇಳಬೇಕಿತ್ತು. ಏಳಲಿಲ್ಲ. ಮಾಲೂರಿನ ತರಕಾರಿ ರೈತರೊಬ್ಬರು ಕೂತಲ್ಲಿಂದಲೇ, "ನೀವ್ ಹೇಳಿದ್ದು ಸರಿಯಾಗದೆ ಅಮ್ಮ. ಬರ್ದೋರ್ದು ತಪ್ಪು," ಅಂದರು.

ಆಗ ಮೇಷ್ಟ್ರು ಮೈಕು ತೆಗೆದುಕೊಂಡರು. "ದಯವಿಟ್ಟು ಕ್ಷಮಿಸಬೇಕು. ಕಂಪ್ಯೂಟರಿಗೆ ಹಾಕುವಾಗ ಆ ಹುಡುಗಿ ಏನೇನೋ ಹಾಕಿಬಿಟ್ಟಿದ್ದಾಳೆ. ಅವರಿಗೆಲ್ಲ ಕನ್ನಡ ಅಷ್ಟಕ್ಕಷ್ಟೇ," ಅಂದರು.

ಆಗ ಎದ್ದೆ. ಸ್ಕ್ಯಾನ್ ಮಾಡಿದ್ದ ಹಾಳೆಯನ್ನು ಪರದೆಗೆ ಹಾಕಿದೆ. ಅವರ ಅಕ್ಷರ, ಅವರ ನೀಲಿ ಇಂಕು, ಕೆಳಗೆ ಅವರ ಸಹಿ. ಅದರ ಹಿಂದೆಯೇ, ಪ್ರತಿ ಅರ್ಥದ ಕೆಳಗೂ ಹೆಸರು ಬೇಕು ಅಂತ ಬರೆದ ಕಾಗದವನ್ನೂ ಹಾಕಿದೆ. ಹಾಲ್‌ನಲ್ಲಿ ಓದು ಬರುವವರು ಬರದವರಿಗೆ ಓದಿ ಹೇಳಿದರು. ಮೇಷ್ಟ್ರು ಶಾಲನ್ನು ಮಡಚಿ ತೊಡೆ ಮೇಲೆ ಇಟ್ಟುಕೊಂಡು ಕೂತರು. ಅಜ್ಜಿ ಊಟಕ್ಕೂ ನಿಲ್ಲದೆ ವೇಮಗಲ್ ಬಸ್ಸು ಹತ್ತಿ ಹೋದರು.

ನಾಲ್ಕು ದಿನ ಬಿಟ್ಟು ಮೇಷ್ಟ್ರು ಆಫೀಸಿಗೆ ಬಂದರು. ಮಾಲೀಕರು ಎರಡು ವಾರಕ್ಕೆ ಊರಿಗೆ ಹೋಗಿದ್ದರು. ತಪ್ಪಾದ ಅರ್ಥಗಳನ್ನು ರೈತರಿಂದಲೇ ಬರೆಸುತ್ತೇವೆ ಅಂತ ಮೇಡಂ ಹೇಳಿದ್ದರಂತೆ. ಇವರಿಗೆ ಬೇಕಾಗಿದ್ದದ್ದು ಒಂದೇ. ಎಲ್ಲ ಕಡೆಯಿಂದಲೂ ತಮ್ಮ ಹೆಸರು ತೆಗೆಯಬೇಕು.

ಆ ಹೆಸರುಗಳನ್ನೆಲ್ಲ ಒಂದೇ ಏಟಿಗೆ ಅಳಿಸಬಹುದು. ಒಂದು ಸಾಲು ಬರೆದರೆ ಸಾಕು, ಟೀ ಆರುವಷ್ಟು ಹೊತ್ತೂ ಬೇಡ.

"ಒಂದೊಂದಾಗಿ ತೆಗೀಬೇಕು ಸಾರ್," ಅಂದೆ. "ಕಾಗದ ಕೊಟ್ಟು ಹಾಕಿಸಿದವರು ನೀವು. ತೆಗೆಯೋದೂ ನಿಮ್ಮ ಕೈಯಿಂದಲೇ ಆಗ್ಬೇಕು."

ಮುನ್ನೂರು ಚಿಲ್ಲರೆ ಪದ ಇದ್ದವು. ಮೂಲೆಯ ಕಂಪ್ಯೂಟರಿನಲ್ಲಿ ಕೂರಿಸಿದೆ. ಒಂದು ಪದ ಮುಟ್ಟಬೇಕು, ಪೆಟ್ಟಿಗೆ ತೆರೆಯಬೇಕು, ತಾವು ಬರೆದ ಅರ್ಥ ಓದಬೇಕು, ಹೆಸರಿನ ಮುಂದಿನ ಗುರುತು ತೆಗೆಯಬೇಕು, ಉಳಿಸಬೇಕು. ಉಳಿಸಿದ ತಕ್ಷಣ ಪುಟ ಮತ್ತೆ ಮೊದಲಿನಿಂದ ಶುರುವಾಗುವ ಹಾಗೆ ಅವರನ್ನು ಕೂರಿಸುವ ಮೊದಲೇ ಮಾಡಿಟ್ಟೆ. ಎಲ್ಲವನ್ನೂ ಒಟ್ಟಿಗೆ ಆರಿಸುವ ಗುಂಡಿಯೊಂದಿತ್ತು, ಅದನ್ನು ಅಡಗಿಸಿದೆ.

ಅವರು ದಿನಾ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೆಟ್ಟಿಲು ಹತ್ತಿ ಬಂದು ಸ್ವಲ್ಪ ಹೊತ್ತು ಎದೆ ಹಿಡಿದು ಕೂರುತ್ತಿದ್ದರು. ಕನ್ನಡಕ ಹಣೆಗೇರಿಸಿ, ಪರದೆಗೆ ಮುಖ ಹತ್ತಿರ ತಂದು ಪದ ಹುಡುಕುತ್ತಿದ್ದರು. ಮೌಸು ಜಾರಿ ಪಕ್ಕದ ಪದ ತೆರೆದುಕೊಂಡುಬಿಡುತ್ತಿತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಮೊಸರನ್ನ. ನನ್ನ ಜೊತೆ ಕೆಲಸ ಮಾಡುವವಳು ಪಾಪ ಕಣೇ ಅಂದಳು. ನನಗೆ ಪಾಪ ಅನ್ನಿಸಲಿಲ್ಲ. ನಮ್ಮಮ್ಮನೂ ಅದೇ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಚೀಲ ಹೊತ್ತು ನಡೆದು ಬಂದಿದ್ದಳು.

ಐದನೇ ದಿನ ಅವರು ಮೊಬ್ಬು ಅನ್ನುವ ಪದಕ್ಕೆ ಬಂದರು. ನಾನು ಹೋಗಿ ಹಿಂದೆ ನಿಂತೆ.

"ಸಾರ್, ಈ ಪದಕ್ಕೆ ನನ್ನನ್ನ ಒಂದು ಪೀರಿಯಡ್ ಬೋರ್ಡಿನ ಪಕ್ಕ ನಿಲ್ಲಿಸಿದ್ರಿ."

ಅವರು ತಿರುಗಿ ನೋಡಿದರು. ಯಾವ ವರ್ಷ, ಯಾವ ಸೆಕ್ಷನ್ ಅಂತ ಕೇಳಿದರು. ಹೇಳಿದೆ. ಅಮ್ಮ ಬಂದಿದ್ದನ್ನೂ ಹೇಳಿದೆ, ಅವರು ಅಂದದ್ದನ್ನೂ ಅದೇ ರಾಗದಲ್ಲಿ ಅಂದು ತೋರಿಸಿದೆ. ಅವರು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡುತ್ತಿದ್ದರು, ಅದು ನನಗೆ ಕಾಣುತ್ತಿತ್ತು.

"ಇಲ್ಲಮ್ಮ, ನೆನಪಾಗ್ತಿಲ್ಲ. ತಮಾಷೆಗೆ ಅಂದಿರಬೇಕು. ಆಗೆಲ್ಲ ತುಂಬ ಮಕ್ಕಳು."

ನಾನು ಇಷ್ಟು ವರ್ಷ ಅವರ ಬಾಯಿಂದ ಏನೇನೋ ಕೇಳಿಸಿಕೊಂಡಿದ್ದೆ, ಮನಸ್ಸಿನಲ್ಲೇ. ಒಮ್ಮೆ ಕ್ಷಮೆ ಕೇಳುತ್ತಿದ್ದರು, ಒಮ್ಮೆ ಜಗಳಕ್ಕೆ ಬರುತ್ತಿದ್ದರು. ನೆನಪಿಲ್ಲ ಅನ್ನಬಹುದು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಸೋಮವಾರ ಸ್ವಲ್ಪ ಬೇಗ ಬನ್ನಿ ಸಾರ್, ಇನ್ನೂ ತುಂಬ ಉಳಿದಿದೆ ಅಂದೆ.

ಆ ಭಾನುವಾರ ಮೇಡಂ ಜೊತೆ ವೇಮಗಲ್ ಕಡೆಗೆ ಹೋದೆ. ಅಜ್ಜಿ ಹುಳದ ಮನೆಯಲ್ಲಿದ್ದರು. ಸರಿಯಾದ ಅರ್ಥ ಹೇಳಿ ಅಂತ ಮೇಡಂ ಕೇಳಿದ್ದಕ್ಕೆ, "ಬೇಡ ತಾಯಿ, ಇನ್ನೊಂದ್ಸಲ ತಪ್ಪಾದ್ರೆ?" ಅಂದರು. ಮೇಡಂ ಫೋನ್ ಬಂತು ಅಂತ ಹೊರಗೆ ಹೋದಾಗ ನಾನು ಇದ್ದದ್ದನ್ನು ಹೇಳಿಬಿಟ್ಟೆ. ಅರ್ಥ ತಪ್ಪು ಅಂತ ಮೊದಲೇ ಗೊತ್ತಿತ್ತು, ಮೇಷ್ಟ್ರ ಮರ್ಯಾದೆ ಹೋಗಲಿ ಅಂತ ಸುಮ್ಮನಿದ್ದೆ, ನಿಮ್ಮನ್ನು ಮೇಲಕ್ಕೆ ಕರೆಸಿದ್ದೂ ನಾನೇ ಅಂತ.

ಅಜ್ಜಿ ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. "ಗೊತ್ತಿದ್ದೂ ಸುಮ್ನಿದ್ಯಾ?"

"ಹೂಂ."

"ನಿನ್ ಸಿಟ್ಟು ನಿಂದು. ಅದಕ್ಕೆ ನನ್ ಮಾತು ಯಾಕೆ ತಗೊಂಡೆ?"

ಅವರು ಬುಟ್ಟಿಯನ್ನು ನನ್ನ ಕಡೆ ತಳ್ಳಿದರು. ಆ ಸಾಲು ಪೂರ್ತಿ ನನ್ನ ಕೈಯಲ್ಲೇ ಸೊಪ್ಪು ಹಾಕಿಸಿದರು, ದಪ್ಪ ಬಿದ್ದ ಕಡೆ ಬೈದು ತೆಗೆಸಿದರು. ಮುಗಿದ ಮೇಲೆ ಕೈ ತೊಳೆದುಕೊಂಡು ಬಂದು, "ಹೂಂ, ಬರ್ಕೋ. ಜ್ವರ ಅಂದ್ರೆ," ಅಂತ ಶುರುಮಾಡಿದರು. ಒಂದೊಂದು ಪದ ಹೇಳಿದ ಮೇಲೂ ನನ್ನ ಕೈಲಿ ಓದಿಸಿ ಕೇಳಿಸಿಕೊಂಡರು. ಮೊಬ್ಬು ಬಂದಾಗ, "ಕೋಳಿ ಕೂಗಿರ್ತದೆ, ಮುಖ ಕಾಣಿಸ್ತಿರಲ್ಲ, ಆ ಹೊತ್ತು. ಹಂಗೇ ಹಾಕು," ಅಂದರು.

ಇಷ್ಟಾದ ಮೇಲೆ ಸೋಮವಾರ ಮೇಷ್ಟ್ರನ್ನು ಬಿಟ್ಟುಬಿಟ್ಟೆ ಅಂತ ಬರೆದರೆ ಸುಳ್ಳಾಗುತ್ತದೆ. ಅಜ್ಜಿಗೆ ಮಾಡಿದ್ದು ತಪ್ಪು ಅಂತ ಒಪ್ಪಿಕೊಂಡೆ, ಇವರಿಗೆ ಮಾಡುತ್ತಿದ್ದದ್ದು ತಪ್ಪು ಅನ್ನಿಸಲಿಲ್ಲ. ಇನ್ನೂ ಆರು ದಿನ ಕೂರಿಸಿದೆ. ಹನ್ನೊಂದನೇ ದಿನ ಕೊನೆಯ ಹೆಸರು ತೆಗೆದು, ಕನ್ನಡಕ ಒರೆಸಿಕೊಂಡು, ಅವರು ಕೇಳಿದರು.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಇದನ್ನ ಒಟ್ಟಿಗೆ ತೆಗೆಯೋಕೆ ಆಗ್ತಿರಲಿಲ್ವಾ?"

"ಆಗ್ತಿತ್ತು ಸಾರ್. ಒಂದು ನಿಮಿಷದ ಕೆಲಸ."

ಅವರು ಬೈಯಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಚಪ್ಪಲಿ ಮೆಟ್ಟಿಕೊಳ್ಳುವಾಗ ಬಾಗಿಲು ಹಿಡಿದುಕೊಂಡರು. ನಾನು ಕೈ ಕೊಡಲಿಲ್ಲ.

ಊರಿಗೆ ಹೋದಾಗ ಅಮ್ಮನಿಗೆ ಎಲ್ಲ ಹೇಳಿದೆ. ಆ ವಿಷಯ ನಾವಿಬ್ಬರೂ ಮೊದಲ ಸಲ ಎತ್ತಿದ್ದು ಅವತ್ತೇ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡಳು. ದೊಡ್ಡವರಿಗೆ ಹಂಗೆ ಮಾಡ್ಬಾರ್ದು ಅನ್ನುತ್ತಾಳೆ ಅಂತ ಕಾಯುತ್ತಿದ್ದೆ.

"ಎನ್ನಿ ದಿನಾಲು ಕೂರಿಸ್ದೆ?" ಅಂದಳು.

"ಹನ್ನೊಂದು."

"ಇನ್ನೊಂದ್ ವಾರ ಕೂರಿಸ್ಬೋದಿತ್ತು," ಅಂದು ಬೀಜವನ್ನು ಮೊರಕ್ಕೆ ಹಾಕಿದಳು.

ಸೈಟು ಈಗ ನಡೆಯುತ್ತಿದೆ. ಹೊಸ ಮಾತು ಬಂದರೆ, ಅರ್ಥವನ್ನು ಹೇಳಿದವರಿಗೇ ಫೋನಿನಲ್ಲಿ ಓದಿ, ಅವರು ಹೂಂ ಅಂದ ಮೇಲೇ ಪದವನ್ನು ಮುಟ್ಟುವ ಹಾಗೆ ಮಾಡುತ್ತೇನೆ. ತಡ ಆಗುತ್ತೆ ಅಂತ ಮಾಲೀಕರು ಗೊಣಗುತ್ತಾರೆ. ಮೇಷ್ಟ್ರನ್ನು ಮೊನ್ನೆ ಮುಳಬಾಗಿಲಿನಲ್ಲಿ ಒಂದು ಮದುವೆಯಲ್ಲಿ ನೋಡಿದೆ. ಊಟದ ಸಾಲಿನಲ್ಲಿ ನನ್ನ ಎದುರಿಗೇ ಎಲೆ ಸಿಕ್ಕಿತ್ತು ಅವರಿಗೆ. ನನ್ನನ್ನು ಕಂಡು ಎದ್ದು ಬೇರೆ ಸಾಲಿಗೆ ಹೋದರು. ಈ ಸಲ ಗುರುತು ಸಿಕ್ಕಿತ್ತು. ನಾನು ಎರಡನೇ ಸಲ ಪಾಯಸ ಹಾಕಿಸಿಕೊಂಡೆ.